ಮಲಗಿದಷ್ಟೂ ಹೆಚ್ಚುವ ಸೊಂಟನೋವು

ಈ ಸಲ ಬಂದ ಕಾಗದಗಳಲ್ಲಿ ಹಲವು ಒಂದೇ ಕಾಯಿಲೆಯ ಸುತ್ತ ಇದ್ದವು. ಬರೆದವರಲ್ಲಿ ಕೆಲವರಿಗೆ ಅದರ ಹೆಸರೇ ಗೊತ್ತಿಲ್ಲ, ಕೆಲವರು ಗೊತ್ತಾಗಿ ಹೆದರಿದ್ದಾರೆ. ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಸಂಧಿವಾತದ ಓಪಿಡಿಯಲ್ಲಿ ಕೂರುವ ನಾನು ವಾರ ವಾರವೂ ನೋಡುವ ಕಾಯಿಲೆ ಇದು. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿ, ಹೆಸರು ತೆಗೆದು ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 25 ವರ್ಷ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮೂರು ವರ್ಷದಿಂದ ಸೊಂಟನೋವು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ತಿರುಗಾಡುತ್ತಾನೆ. ಬೆಳಿಗ್ಗೆ ಬಗ್ಗಿ ಸಾಕ್ಸ್ ಹಾಕಿಕೊಳ್ಳಲು ಆಗುವುದಿಲ್ಲ, ಹತ್ತು ಗಂಟೆ ಹೊತ್ತಿಗೆ ತಕ್ಕಮಟ್ಟಿಗೆ ಸರಿಹೋಗುತ್ತಾನೆ. ಸ್ಕ್ಯಾನ್ ಮಾಡಿ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದರು. ಬೆಲ್ಟ್ ಕೊಟ್ಟು ಒಂದು ತಿಂಗಳು ಮಲಗಿರಲು ಹೇಳಿದರು. ರಜೆ ಹಾಕಿ ಊರಿಗೆ ಬಂದು ಮಲಗಿದ್ದಾನೆ, ನೋವು ಇನ್ನೂ ಜಾಸ್ತಿಯಾಗಿದೆ. ಮೊನ್ನೆಯಿಂದ ಎಡಗಣ್ಣು ಕೆಂಪಾಗಿ ಬೆಳಕು ನೋಡಲು ಆಗುತ್ತಿಲ್ಲ. ಪಕ್ಕದ ಊರಲ್ಲಿ ಬೆನ್ನು ಎಳೆದು ಕೂರಿಸುವವರಿದ್ದಾರೆ, ಕರೆದುಕೊಂಡು ಹೋಗಲೇ? ಆಪರೇಷನ್ ಬೇಕಾದೀತೇ?
– ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಕಣ್ಣು. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲವಾದ್ದರಿಂದ ನಿಮಗೆ ಆಗಲೇ ತಿಳಿಸಿದ್ದೇನೆ, ಉಳಿದವರಿಗಾಗಿ ಮತ್ತೆ ಹೇಳುತ್ತೇನೆ. ಬೆಳಕು ಕಂಡರೆ ಚುಚ್ಚುವ, ಮಂಜಾಗಿ ಕಾಣುವ, ಒಂದೇ ಕಣ್ಣಿನ ಕೆಂಪು ‘ಮದ್ರಾಸ್ ಐ’ ಅಲ್ಲ. ಕಣ್ಣಿನ ನಡುಪೊರೆಯ ಉರಿಯೂತ ಇರಬಹುದು, ಯೂವಿಯೈಟಿಸ್ ಎನ್ನುತ್ತಾರೆ. ಈ ಬೆನ್ನಿನ ಕಾಯಿಲೆ ಇರುವವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಬದುಕಿನಲ್ಲಿ ಒಮ್ಮೆ ಇದು ಬರುತ್ತದೆ. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಮೆಡಿಕಲ್ ಶಾಪಿನ ಯಾವುದೋ ಡ್ರಾಪ್ಸ್ ಯಾವುದೂ ಬೇಡ. ಅದೇ ದಿನ ಅಥವಾ ಮಾರನೇ ದಿನ ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನೋಡಬೇಕು. ಸರಿಯಾದ ಹೊತ್ತಿಗೆ ಸ್ಟೀರಾಯ್ಡ್ ಹನಿ ಮತ್ತು ಪಾಪೆ ಹಿಗ್ಗಿಸುವ ಹನಿ ಬಿದ್ದರೆ ಸಾಮಾನ್ಯವಾಗಿ ದೃಷ್ಟಿ ಉಳಿಯುತ್ತದೆ. ತಡವಾದರೆ ಪಾಪೆ ಒಳಗಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ.

ಇನ್ನು ಬೆನ್ನು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ನೀವು ಬರೆದ ಆ ಮೂರು ಗಂಟೆ. ಸೊಂಟನೋವು ಎಂದು ಬಂದವರಿಗೆ ನಾನು ಮೊದಲು ಕೇಳುವುದು ಸ್ಕ್ಯಾನ್ ಅಲ್ಲ, ‘ನಿದ್ದೆಯಿಂದ ನೋವು ಎಬ್ಬಿಸುತ್ತದೆಯೇ, ಎಷ್ಟು ಹೊತ್ತಿಗೆ?’ ಎಂದು. ಭಾರ ಎತ್ತಿ ಉಳುಕಿದ ಸೊಂಟ, ಡಿಸ್ಕ್ ಒತ್ತಿದ ಸೊಂಟ ಮಲಗಿದರೆ ಹಗುರಾಗುತ್ತದೆ, ಕೆಲಸ ಮಾಡಿದರೆ ನೋಯುತ್ತದೆ. ಈ ಕಾಯಿಲೆ ಅದಕ್ಕೆ ತಿರುಗಾಮುರುಗ. ಮಲಗಿದರೆ ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ವಯಸ್ಸು ನಲವತ್ತರೊಳಗೆ ಶುರುವಾದದ್ದು, ಇಂಥ ದಿನವೇ ಶುರುವಾಯಿತು ಎಂದು ಹೇಳಲಾಗದಂತೆ ಮೆಲ್ಲಗೆ ಹತ್ತಿದ್ದು, ವ್ಯಾಯಾಮಕ್ಕೆ ಇಳಿಯುವುದು, ವಿಶ್ರಾಂತಿಗೆ ಇಳಿಯದಿರುವುದು, ರಾತ್ರಿ ಎಬ್ಬಿಸುವುದು. ಮೂರು ತಿಂಗಳು ಮೀರಿದ ನೋವಿನಲ್ಲಿ ಈ ಐದರಲ್ಲಿ ನಾಲ್ಕು ಕೂಡಿಬಂದರೆ ಅದು ಉರಿಯೂತದ ಬೆನ್ನುನೋವು ಎಂದು ಅನುಮಾನಿಸಬೇಕು. ನಿಮ್ಮ ಮಗನಲ್ಲಿ ಹೆಚ್ಚುಕಡಿಮೆ ಐದೂ ಇವೆ. ಒಮ್ಮೆ ಎಡ ಕುಂಡೆ, ಒಮ್ಮೆ ಬಲ ಕುಂಡೆ ನೋಯುತ್ತದೆಯೇ, ಬೆಳಿಗ್ಗೆ ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುತ್ತದೆಯೇ ಎಂದು ಅವನನ್ನೇ ಕೇಳಿ. ಹುಡುಗರು ಇದನ್ನು ಅಮ್ಮನ ಹತ್ತಿರ ಹೇಳಿಕೊಳ್ಳುವುದಿಲ್ಲ.

ಒಳಗೆ ಆಗುತ್ತಿರುವುದು ಇಷ್ಟು. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವಲ್ಲಿ ಎಡಕ್ಕೊಂದು ಬಲಕ್ಕೊಂದು ಕೀಲು ಇದೆ, ಸ್ಯಾಕ್ರೋಇಲಿಯಾಕ್ ಕೀಲು ಅಂತ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಅಲ್ಲಿ, ಸ್ನಾಯುಬಂಧಗಳು ಮೂಳೆಗೆ ಅಂಟುವ ಜಾಗದಲ್ಲಿ, ಉರಿಯೂತ ಎಬ್ಬಿಸುತ್ತದೆ. ನಿಧಾನಕ್ಕೆ ಅದು ಬೆನ್ನುಮೂಳೆಯ ಮೇಲಕ್ಕೆ ಹತ್ತುತ್ತದೆ. ಉರಿದ ಜಾಗವನ್ನು ವಾಸಿಮಾಡಲು ಹೋಗಿ ದೇಹ ಅಲ್ಲಿ ಹೊಸ ಮೂಳೆ ಕಟ್ಟುತ್ತದೆ. ಎಷ್ಟೋ ವರ್ಷ ಹೀಗೇ ಬಿಟ್ಟರೆ ಕೆಲವರಲ್ಲಿ ಕಶೇರುಗಳು ಒಂದಕ್ಕೊಂದು ಬೆಸೆದು, ಎಕ್ಸ್‌ರೇಯಲ್ಲಿ ಗಿಣ್ಣು ಗಿಣ್ಣಾದ ಬಿದಿರಿನ ಗಳದಂತೆ ಕಾಣುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಆದರೆ ಬೆಸೆದ ಮೂಳೆಯನ್ನು ಯಾವ ಔಷಧವೂ ಬಿಡಿಸದು. ಹಾಗಾಗಿ ಪ್ರಪಂಚದಾದ್ಯಂತ ಈ ಕಾಯಿಲೆ ಪತ್ತೆಯಾಗಲು ಸರಾಸರಿ ಆರೇಳು ವರ್ಷ ಹಿಡಿಯುತ್ತದೆ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಆ ವರ್ಷಗಳು ಇಪ್ಪತ್ತರ ಹರೆಯದವು.

ಹಾಗಾದರೆ ಸ್ಕ್ಯಾನಿನಲ್ಲಿ ಕಂಡ ಡಿಸ್ಕ್? ನೋವೇ ಇಲ್ಲದ ಇಪ್ಪತ್ತು ವರ್ಷದವರನ್ನು ಸ್ಕ್ಯಾನ್ ಮಾಡಿದರೂ ನೂರಕ್ಕೆ ಸುಮಾರು 30 ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ರಿಪೋರ್ಟಿನಲ್ಲಿ ಇದೆ ಎಂದಮಾತ್ರಕ್ಕೆ ನೋವಿಗೆ ಅದೇ ಕಾರಣವಲ್ಲ. ಇನ್ನೊಂದು ತೊಂದರೆ ಎಂದರೆ, ಸೊಂಟದ ಎಂಆರ್‌ಐ ಎಂದು ಬರೆದುಕೊಟ್ಟಾಗ ತೆಗೆಯುವ ಚಿತ್ರದಲ್ಲಿ ಸ್ಯಾಕ್ರೋಇಲಿಯಾಕ್ ಕೀಲು ಸರಿಯಾಗಿ ಬರುವುದಿಲ್ಲ. ‘ಎರಡೂ ಸ್ಯಾಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ, ಸ್ಟಿರ್ ಚಿತ್ರಗಳ ಸಮೇತ’ ಎಂದು ಬೇರೆಯಾಗಿಯೇ ಬರೆಯಬೇಕು. ಆ ಚಿತ್ರದಲ್ಲಿ ಮೂಳೆಯೊಳಗಿನ ಉರಿಯೂತ ಬೆಳ್ಳಗೆ ಹೊಳೆಯುತ್ತದೆ, ಎಕ್ಸ್‌ರೇಯಲ್ಲಿ ಏನೂ ಕಾಣದ ಕಾಲದಲ್ಲೂ. ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ಅಳೆಯುವ ರಕ್ತಪರೀಕ್ಷೆಗಳು ನಾರ್ಮಲ್ ಬಂದರೆ ಸಮಾಧಾನಪಟ್ಟು ಕೂರಬೇಡಿ, ಈ ಕಾಯಿಲೆಯ ಎಷ್ಟೋ ಜನರಲ್ಲಿ ಅವು ನಾರ್ಮಲ್ ಆಗಿಯೇ ಇರುತ್ತವೆ.

ಪರೀಕ್ಷೆ ಎಂದರೆ ದೊಡ್ಡ ಯಂತ್ರವೇ ಬೇಕೆಂದೇನಿಲ್ಲ. ಸೊಂಟದ ಹಿಂದೆ ಎರಡು ಕಡೆ ಗುಳಿ ಇರುತ್ತದಲ್ಲ, ಅವುಗಳ ನಡುವೆ ಪೆನ್ನಿನಲ್ಲಿ ಒಂದು ಗೆರೆ ಹಾಕುತ್ತೇನೆ. ನೆಟ್ಟಗೆ 10 ಸೆಂ.ಮೀ. ಮೇಲೆ ಇನ್ನೊಂದು. ಮಂಡಿ ಮಡಿಸದೆ ಬಗ್ಗಲು ಹೇಳಿ, ದರ್ಜಿಯ ಟೇಪಿನಲ್ಲಿ ಆ ಗೆರೆಗಳ ನಡುವಿನ ಅಂತರ ಮತ್ತೆ ಅಳೆಯುತ್ತೇನೆ. ಹರೆಯದವರಲ್ಲಿ ಅದು 15ರ ಹತ್ತಿರ ಹೋಗಬೇಕು. ಬೆನ್ನು ಬಿಗಿದ ಹುಡುಗ ಪೂರ್ತಿ ಬಗ್ಗಿದೆ ಎಂದುಕೊಂಡಿರುತ್ತಾನೆ, ಬಗ್ಗಿರುವುದು ಸೊಂಟದ ಕೀಲಷ್ಟೇ; ಟೇಪು 12ರಲ್ಲೇ ನಿಂತಿರುತ್ತದೆ. ಜೊತೆಗೆ ಬಂದ ಅಪ್ಪನಿಗೆ ಆ ಟೇಪು ತೋರಿಸಿದಾಗಲೇ ‘ಸೋಮಾರಿ, ನೆಪ ಹೇಳ್ತಾನೆ’ ಎಂಬ ಮಾತು ನಿಲ್ಲುವುದು. ಉಸಿರು ಪೂರ್ತಿ ಬಿಟ್ಟು, ಆಮೇಲೆ ಪೂರ್ತಿ ಎಳೆದುಕೊಂಡಾಗ ಎದೆಯ ಸುತ್ತಳತೆ ಎಷ್ಟು ಹಿಗ್ಗುತ್ತದೆ ಎಂದೂ ನೋಡುತ್ತೇನೆ. 5 ಸೆಂ.ಮೀ. ಆಸುಪಾಸು ಇರಬೇಕು, ಎರಡೂವರೆಗಿಂತ ಕಡಿಮೆಯಾದರೆ ಪಕ್ಕೆಲುಬಿನ ಕೀಲುಗಳೂ ಬಿಗಿದಿವೆ ಎಂದರ್ಥ.

ಬೆನ್ನು ಎಳೆಸಲು ಖಂಡಿತ ಕರೆದುಕೊಂಡು ಹೋಗಬೇಡಿ. ಬಿಗಿದ ಬೆನ್ನನ್ನು ಎಳೆದು, ಕತ್ತನ್ನು ಪಟಕ್ಕನೆ ತಿರುಗಿಸಿ, ಬೆನ್ನುಹುರಿಗೆ ಪೆಟ್ಟಾದವರಿದ್ದಾರೆ. ಎಳ್ಳೆಣ್ಣೆ ಹಚ್ಚಿ ಮೃದುವಾಗಿ ತಿಕ್ಕಿ ಬಿಸಿನೀರು ಹಾಕಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ, ಬೆಳಗಿನ ಬಿಗಿತಕ್ಕೆ ಅದು ಹಿತವೇ. ಈ ಕಾಯಿಲೆಗೆ ಡಿಸ್ಕ್ ಆಪರೇಷನ್ ಮದ್ದಲ್ಲ. ಬೆಲ್ಟ್ ತೆಗೆದಿಡಿ. ಮಲಗಿಸಬೇಡಿ.

ಮೊದಲ ಔಷಧ ಉರಿಯೂತ ಇಳಿಸುವ ನೋವಿನ ಮಾತ್ರೆಗಳೇ: ನ್ಯಾಪ್ರೊಕ್ಸೆನ್, ಇಂಡೊಮೆಥಸಿನ್, ಎಟೊರಿಕಾಕ್ಸಿಬ್ ಈ ಗುಂಪಿನವು. ‘ಪೇನ್ ಕಿಲ್ಲರ್ ಕಿಡ್ನಿ ತಿನ್ನುತ್ತದೆ’ ಎಂದು ಹೆದರಿ ನೋವು ತಡೆಯಲಾರದ ದಿನ ಅರ್ಧ ಮಾತ್ರೆ ನುಂಗುವವರೇ ಹೆಚ್ಚು. ಇಲ್ಲಿ ಅವು ನೋವನ್ನು ಮರೆಸುವುದಷ್ಟೇ ಅಲ್ಲ, ಉರಿಯೂತವನ್ನೇ ತಗ್ಗಿಸುತ್ತವೆ. ಡಾಕ್ಟರು ಹೇಳಿದ ಪೂರ್ತಿ ಪ್ರಮಾಣದಲ್ಲಿ, ಊಟದ ಮೇಲೆ, ಎರಡರಿಂದ ನಾಲ್ಕು ವಾರ ಬಿಡದೆ ತೆಗೆದುಕೊಂಡರೆ ಮಾತ್ರ ಕೆಲಸ ಮಾಡುತ್ತಿದೆಯೇ ಇಲ್ಲವೇ ಗೊತ್ತಾಗುವುದು. ಕಿಡ್ನಿಯ ಭಯ ಸುಳ್ಳಲ್ಲ, ಅದಕ್ಕೇ ಕ್ರಿಯಾಟಿನಿನ್ ಮತ್ತು ಬಿಪಿ ಆಗಾಗ ನೋಡಿಸಬೇಕು. ಡೆಂಗಿ ಅನುಮಾನದ ಜ್ವರ ಬಂದರೆ ಈ ಮಾತ್ರೆಗಳನ್ನು ಅಂದೇ ನಿಲ್ಲಿಸಿ ಡಾಕ್ಟರನ್ನು ಕೇಳಬೇಕು, ರಕ್ತಸ್ರಾವದ ಅಪಾಯವಿದೆ. ಎರಡೇ ದಿನದಲ್ಲಿ ನೋವು ಹಾರಿಸುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಮುಖ ಊದಿ, ಸಕ್ಕರೆ ಏರಿ, ಮೂಳೆ ಸವೆದು ಬಂದವರನ್ನು ನಾನು ನೋಡುತ್ತಲೇ ಇರುತ್ತೇನೆ.

ಮಾತ್ರೆಯಷ್ಟೇ ಮುಖ್ಯ ವ್ಯಾಯಾಮ. ಬೆಳಿಗ್ಗೆ ಬಿಸಿನೀರಿನ ಸ್ನಾನದ ನಂತರ ಹದಿನೈದು ನಿಮಿಷ ಬೋರಲು ಮಲಗುವುದು, ಗೋಡೆಗೆ ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ತಾಗಿಸಿ ನೆಟ್ಟಗೆ ನಿಲ್ಲುವುದು, ಎದೆ ತುಂಬ ಉಸಿರು. ದಿಂಬು ತೆಳ್ಳಗಿರಲಿ, ಹಾಸಿಗೆ ತಗ್ಗು ಬೀಳದಂಥದ್ದಿರಲಿ. ಈಜು ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೀಡಿ ಸಿಗರೇಟು ಇದ್ದರೆ ಬಿಡಿಸಿ, ಧೂಮಪಾನಿಗಳ ಬೆನ್ನು ಬೇಗ ಬೆಸೆಯುತ್ತದೆ. ನೋಡಿಸಬೇಕಾದ್ದು ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರ ಹತ್ತಿರ. ಹತ್ತಿರದಲ್ಲಿಲ್ಲದಿದ್ದರೆ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ, ನನಗೆ ಬರೆದ ಪತ್ರವನ್ನೇ ಅವರಿಗೂ ಕೊಡಿ. ಅಷ್ಟು ಚೆನ್ನಾಗಿ ರೋಗದ ಕಥೆ ಬರೆದಿದ್ದೀರಿ. ಫ್ಯಾಕ್ಟರಿಯಲ್ಲಿ ಇಎಸ್‌ಐ ಕಟ್ಟುತ್ತಿದ್ದರೆ ಕಾರ್ಡ್ ಮರೆಯಬೇಡಿ.

ಪ್ರಶ್ನೆ: ನನಗೆ 31. ಸಿಸೇರಿಯನ್ ಆಗಿ ನಾಲ್ಕು ವರ್ಷ. ಅಂದಿನಿಂದ ಬೆಳಗಿನ ಹೊತ್ತು ಸೊಂಟ ಹಿಡಿದುಕೊಳ್ಳುತ್ತದೆ, ಮಗುವನ್ನು ತೊಟ್ಟಿಲಿಂದ ಎತ್ತುವುದೇ ಕಷ್ಟವಾಗಿತ್ತು. ಎಲ್ಲರೂ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಎನ್ನುತ್ತಾರೆ. ಅಪ್ಪನಿಗೆ ಸೋರಿಯಾಸಿಸ್ ಇತ್ತು. ಒಬ್ಬ ಡಾಕ್ಟರು ಆಂಕೈಲೋಸಿಂಗ್ ಇರಬಹುದೇ ನೋಡೋಣ ಎಂದರು, ಇನ್ನೊಬ್ಬರು ಅದು ಗಂಡಸರ ಕಾಯಿಲೆ ಎಂದರು. – ಶಿರಸಿ

ಉತ್ತರ: ತಂಗೀ, ಮೊದಲ ಡಾಕ್ಟರ ಮಾತು ಹಿಡಿಯಿರಿ. ಎಕ್ಸ್‌ರೇಯಲ್ಲಿ ಕಾಣುವಷ್ಟು ಮುಂದುವರಿದ ಕಾಯಿಲೆ ಗಂಡಸರಲ್ಲಿ ಹೆಚ್ಚು ನಿಜ. ಎಕ್ಸ್‌ರೇ ಶುದ್ಧವಾಗಿದ್ದು ಎಂಆರ್‌ಐಯಲ್ಲಿ ಮಾತ್ರ ಕಾಣುವ ಹಂತದಲ್ಲಿ ಹೆಂಗಸರೂ ಗಂಡಸರೂ ಹೆಚ್ಚುಕಡಿಮೆ ಸಮ. ಹಳೆಯ ಪಠ್ಯಗಳು ಎಕ್ಸ್‌ರೇಯನ್ನೇ ನಂಬಿದ್ದರಿಂದ ಹೆಂಗಸರು ಲೆಕ್ಕಕ್ಕೆ ಸಿಗಲಿಲ್ಲ. ಹೆರಿಗೆಗೆ ಕೊಡುವ ಅರಿವಳಿಕೆಯ ಸೂಜಿಯಿಂದ ಒಂದೆರಡು ದಿನ ಚುಚ್ಚಿದ ಜಾಗ ನೋಯಬಹುದು, ನಾಲ್ಕು ವರ್ಷ ಬೆಳಗಿನ ಜಾವ ಎಬ್ಬಿಸುವ ನೋವು ಅದರಿಂದ ಬರುವುದಿಲ್ಲ. ಆ ಸೂಜಿಯ ಮೇಲೆ ತಪ್ಪು ಹೊರಿಸಿ ಪರೀಕ್ಷೆಯನ್ನೇ ಮಾಡಿಸಿಕೊಳ್ಳದ ಎಷ್ಟು ತಾಯಂದಿರು ನಮ್ಮ ಊರುಗಳಲ್ಲಿದ್ದಾರೋ! ಅಪ್ಪನ ಸೋರಿಯಾಸಿಸ್ ವಿಷಯ ಡಾಕ್ಟರಿಗೆ ಮರೆಯದೆ ಹೇಳಿ. ಸೋರಿಯಾಸಿಸ್, ಕರುಳಿನ ಉರಿಯೂತದ ಕಾಯಿಲೆಗಳು, ಕಣ್ಣಿನ ಯೂವಿಯೈಟಿಸ್ ಎಲ್ಲ ಈ ಬೆನ್ನುನೋವಿನ ನೆಂಟರೇ. ಒಂದು ಮಾತು: ಹೆರಿಗೆಯ ನಂತರ ಸ್ಯಾಕ್ರೋಇಲಿಯಾಕ್ ಕೀಲಿನಲ್ಲಿ ಕೆಲವು ತಿಂಗಳು ಎಂಆರ್‌ಐ ಬದಲಾವಣೆ ಸಹಜವಾಗಿಯೂ ಕಾಣುತ್ತದೆ. ನಿಮಗೆ ನಾಲ್ಕು ವರ್ಷ ಕಳೆದಿರುವುದರಿಂದ ಆ ಗೊಂದಲ ಇರದು. ಇನ್ನೊಂದು ಮಗು ಬೇಕೆಂದಿದ್ದರೆ ಔಷಧ ಶುರುಮಾಡುವ ಮೊದಲೇ ಬಾಯಿಬಿಟ್ಟು ಹೇಳಿ, ಆಯ್ಕೆ ಬದಲಾಗುತ್ತದೆ.

ಪ್ರಶ್ನೆ: ಎರಡು ಬಗೆಯ ಮಾತ್ರೆ ನೋಡಿಯಾಯಿತು, ಅಡಾಲಿಮುಮಾಬ್ ಇಂಜೆಕ್ಷನ್ ಶುರು ಮಾಡೋಣ ಎಂದಿದ್ದಾರೆ. ಟಿಬಿ ಪರೀಕ್ಷೆ ಯಾಕೆ? ಕೆಮ್ಮೇ ಇಲ್ಲ. ಜೀವಮಾನವಿಡೀ ಹಾಕಿಕೊಳ್ಳಬೇಕೇ? ದುಡ್ಡು ಹೊಂದಿಸುವುದು ಹೇಗೆ? – ದಾವಣಗೆರೆ

ಉತ್ತರ: ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಅಂಶವನ್ನು ಈ ಇಂಜೆಕ್ಷನ್ ಕಟ್ಟಿಹಾಕುತ್ತದೆ. ಟಿಬಿ ರೋಗಾಣುವನ್ನು ನಮ್ಮೊಳಗೆ ಗೋಡೆ ಕಟ್ಟಿ ಕೂಡಿಹಾಕಿರುವುದೂ ಅದೇ ಟಿಎನ್‌ಎಫ್. ನಮ್ಮ ದೇಶದಲ್ಲಿ ಕೆಮ್ಮು ಜ್ವರ ಏನೂ ಇಲ್ಲದೆ ಆ ರೋಗಾಣುವನ್ನು ಒಳಗಿಟ್ಟುಕೊಂಡವರು ಬಹಳ. ಗೋಡೆ ಕುಸಿದರೆ ಟಿಬಿ ಎದ್ದು ಕೂರುತ್ತದೆ. ಆದ್ದರಿಂದ ಎದೆಯ ಎಕ್ಸ್‌ರೇ, ಟಿಬಿಗೆ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆ ಅಥವಾ ಇಗ್ರಾ ಎಂಬ ರಕ್ತಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು. ಅಡಗಿದ ಟಿಬಿ ಇದ್ದರೆ ಅದರ ಮಾತ್ರೆ ಸಾಮಾನ್ಯವಾಗಿ ಒಂದು ತಿಂಗಳಾದರೂ ನುಂಗಿದ ಮೇಲೆಯೇ ಇಂಜೆಕ್ಷನ್. ಆಮೇಲೂ ಸಂಜೆ ಜ್ವರ, ತೂಕ ಇಳಿಯುವುದು, ಕತ್ತಿನಲ್ಲಿ ಗಂಟು ಕಂಡರೆ ಮುಂದಿನ ಡೋಸ್ ಹಾಕಿಕೊಳ್ಳದೆ ಡಾಕ್ಟರ ಹತ್ತಿರ ಹೋಗಿ.

ಹದಿನೈದು ದಿನಕ್ಕೊಮ್ಮೆ 40 ಮಿ.ಗ್ರಾಂ., ಹೊಟ್ಟೆ ಅಥವಾ ತೊಡೆಯ ಚರ್ಮದ ಅಡಿಗೆ. ನೀವೇ ಹಾಕಿಕೊಳ್ಳಲು ಕಲಿಯಬಹುದು. ಗುಣ ಇದೆಯೇ ಇಲ್ಲವೇ ಎಂದು ತೀರ್ಮಾನಿಸಲು 12 ವಾರ ಕೊಡಿ, ಆದರೆ ಎಷ್ಟೋ ಜನ ಮೊದಲ ಎರಡು ಮೂರು ಡೋಸಿನಲ್ಲೇ ‘ರಾತ್ರಿಯಿಡೀ ನಿದ್ದೆ ಬಂತು ಡಾಕ್ಟ್ರೇ’ ಎಂದು ಫೋನ್ ಮಾಡುತ್ತಾರೆ. ಆ ಫೋನಿಗಿಂತ ದೊಡ್ಡ ಸಂತೋಷ ನನ್ನ ವೃತ್ತಿಯಲ್ಲಿಲ್ಲ. ಹಾಯೆನಿಸಿತು ಎಂದು ನೀವೇ ನಿಲ್ಲಿಸಿದರೆ ಬಹುಪಾಲು ಜನರಲ್ಲಿ ಕೆಲವು ತಿಂಗಳೊಳಗೆ ನೋವು ಮರಳುತ್ತದೆ. ಚೆನ್ನಾಗಿ ಹಿಡಿತಕ್ಕೆ ಬಂದ ಮೇಲೆ ಡೋಸ್‌ಗಳ ನಡುವಿನ ಅಂತರ ಹೆಚ್ಚಿಸುವುದು ಸಾಧ್ಯ, ಅದನ್ನು ಡಾಕ್ಟರ ಜೊತೆ ಕೂತು ಮಾಡಬೇಕು.

ದುಡ್ಡಿನ ವಿಷಯದಲ್ಲಿ 2014ರ ಕೊನೆಯಲ್ಲಿ ಭಾರತದಲ್ಲೇ ತಯಾರಾದ ಅಡಾಲಿಮುಮಾಬ್ ಬಂದಮೇಲೆ ಪರಿಸ್ಥಿತಿ ಬಹಳ ಬದಲಾಯಿತು. ಈಗ ಹಲವು ಕಂಪನಿಗಳವು ಇವೆ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿದೆ. ಮುದ್ರಿತ ಬೆಲೆ ನೋಡಿ ವಾಪಸ್ ಬರಬೇಡಿ, ಆಸ್ಪತ್ರೆಯ ಔಷಧಾಲಯದಲ್ಲಿ ನಿಜವಾಗಿ ಕೊಡುವ ಬೆಲೆ ಕೇಳಿ, ಕಂಪನಿಯ ರಿಯಾಯಿತಿ ಯೋಜನೆ ಇದೆಯೇ ಎಂದೂ ಕೇಳಿ. ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು: ಫ್ರಿಜ್ಜಿನ ನಡುಹಲಗೆಯಲ್ಲಿ, ಫ್ರೀಜರಿನಲ್ಲಿ ಅಲ್ಲ. ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ. ಹೆಪ್ಪುಗಟ್ಟಿದ ಡೋಸನ್ನು ಕರಗಿಸಿ ಹಾಕಿಕೊಳ್ಳುವಂತಿಲ್ಲ. ಇದು ಒಗ್ಗದಿದ್ದರೆ ಸೆಕುಕಿನುಮಾಬ್ ಎಂಬ ಇನ್ನೊಂದು ಇಂಜೆಕ್ಷನ್ ಇದೆ, ಮಾತ್ರೆಯ ರೂಪದ ಟೊಫಾಸಿಟಿನಿಬ್ ಇದೆ. ದಾರಿ ಒಂದೇ ಅಲ್ಲ.

ಪ್ರಶ್ನೆ: ಮಗಳಿಗೆ ಬಂದ ಗಂಡಿನ ರಕ್ತದಲ್ಲಿ ಎಚ್‌ಎಲ್‌ಎ ಬಿ27 ಪಾಸಿಟಿವ್ ಅಂತೆ. ಕಾಯಿಲೆ ಹತೋಟಿಯಲ್ಲಿದೆ, ಕೆಲಸಕ್ಕೂ ಹೋಗುತ್ತಾನೆ. ಹುಡುಗನೇ ಹೇಳಿದ. ಮುಂದುವರಿಯಬಹುದೇ? – ಒಬ್ಬ ತಂದೆ, ಮಂಡ್ಯ

ಉತ್ತರ: ಕೇಳುವ ಮೊದಲೇ ಹುಡುಗ ತಾನಾಗಿ ಹೇಳಿದ್ದಾನಲ್ಲ, ಆ ನಡತೆಗೆ ಬೆಲೆ ಕೊಡಿ. ಎಚ್‌ಎಲ್‌ಎ ಬಿ27 ಎಂಬುದು ಒಂದು ಜೀನ್; ಅದಕ್ಕೂ ಆಂಕೈಲೋಸಿಂಗ್ ಕಾಯಿಲೆಗೂ ನಂಟಿದೆ ಎಂದು 1973ರಲ್ಲಿ ಲಂಡನ್ನಿನ ಮತ್ತು ಲಾಸ್ ಏಂಜಲಿಸ್‌ನ ಸಂಶೋಧಕರು ಬೇರೆ ಬೇರೆಯಾಗಿ ಕಂಡುಕೊಂಡರು. ಆದರೆ ಜೀನ್ ಇರುವವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಸಾಮಾನ್ಯ ಜನರಲ್ಲಿ ಜೀನ್ ಇದ್ದ ನೂರು ಮಂದಿಯಲ್ಲಿ ಸುಮಾರು ಐವರಿಗೆ ಬಂದೀತು. ಕಾಯಿಲೆ ಇರುವವರ ಮಕ್ಕಳಲ್ಲಿ ಈ ಲೆಕ್ಕ ಹೆಚ್ಚು, ಆದರೂ ಮಗುವಿಗೆ ಜೀನ್ ದಾಟುವ ಸಂಭವವೇ ಅರ್ಧ, ದಾಟಿದರೂ ಕಾಯಿಲೆ ಬಾರದಿರುವ ಸಂಭವವೇ ಜಾಸ್ತಿ. ನಾಳೆ ಹುಟ್ಟುವ ಮಕ್ಕಳಿಗೆ ನೋವಿಲ್ಲದಿದ್ದರೆ ಈ ಪರೀಕ್ಷೆ ಮಾಡಿಸುವುದೂ ಬೇಡ. ಅಂಟುರೋಗವಲ್ಲ, ಮಕ್ಕಳಾಗಲು ಕಾಯಿಲೆಯಿಂದ ಅಡ್ಡಿಯಿಲ್ಲ. ಸಲ್ಫಾಸಲಜಿನ್ ಎಂಬ ಮಾತ್ರೆ ಗಂಡಸರಲ್ಲಿ ವೀರ್ಯಾಣುಗಳನ್ನು ತಾತ್ಕಾಲಿಕವಾಗಿ ಕಡಿಮೆ ಮಾಡುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ. ನನ್ನನ್ನು ಕೇಳಿದರೆ ಮುಂದುವರಿಯಿರಿ ಎನ್ನುತ್ತೇನೆ. ಮಗಳನ್ನು ಕೇಳಿದಿರಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 61 ವರ್ಷ. ಕತ್ತಿನಿಂದ ಸೊಂಟದವರೆಗೆ ಬೆಸೆದುಹೋಗಿದೆ, ಈಗ ನೋವು ಕಡಿಮೆ. ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಇನ್ನು ನಾನು ನೋಡಿಕೊಳ್ಳಬೇಕಾದ್ದು ಏನಾದರೂ ಇದೆಯೇ? – ಗದಗ

ಉತ್ತರ: ಇದೆ ಮೇಷ್ಟ್ರೇ. ಬೆಸೆದ ಮೂಳೆ ಗಟ್ಟಿಯಾಗಿರುತ್ತದೆ ಎಂದುಕೊಳ್ಳುತ್ತಾರೆ, ಒಳಗೆ ಅದು ಟೊಳ್ಳು. ಬಚ್ಚಲಲ್ಲಿ ಜಾರಿದ್ದು, ಬಸ್ಸು ಗಕ್ಕನೆ ನಿಂತಾಗ ಮುಗ್ಗರಿಸಿದ್ದು, ಅಷ್ಟಕ್ಕೇ ಕತ್ತಿನ ಮೂಳೆ ಮುರಿಯಬಹುದು. ಎಷ್ಟು ಸಣ್ಣ ಬೀಳಾಟವಾದರೂ, ಆಮೇಲೆ ಹೊಸ ನೋವು ಶುರುವಾದರೆ, ಅಥವಾ ವರ್ಷಗಳಿಂದ ತಿರುಗದ ಕತ್ತು ಇದ್ದಕ್ಕಿದ್ದಂತೆ ಅಲುಗುತ್ತಿದೆ ಅನ್ನಿಸಿದರೆ, ಮುರಿದಿದೆ ಎಂದೇ ತಿಳಿದು ಸಿಟಿ ಸ್ಕ್ಯಾನ್ ಮಾಡಿಸಬೇಕು. ಎಕ್ಸ್‌ರೇಯಲ್ಲಿ ತಪ್ಪಿಹೋಗುತ್ತದೆ. ಬಚ್ಚಲಿಗೆ ಹಿಡಿ ಹಾಕಿಸಿ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿ ಮೂಳೆ ಸವೆತಕ್ಕೆ ಔಷಧ ಬೇಕೇ ಕೇಳಿ. ಸ್ಕೂಟರ್ ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಹಲ್ಲಿನದೋ ಹರ್ನಿಯಾದೋ, ಯಾವ ಆಪರೇಷನ್ ಇದ್ದರೂ ಅರಿವಳಿಕೆ ಡಾಕ್ಟರಿಗೆ ವಾರ ಮೊದಲೇ ತಿಳಿಸಬೇಕು, ತಿರುಗದ ಕತ್ತಿನಲ್ಲಿ ಉಸಿರಿನ ನಳಿಕೆ ಇಳಿಸುವುದು ಕಷ್ಟ, ಅದಕ್ಕೆ ಬೇರೆ ಸಲಕರಣೆ ಸಿದ್ಧವಿರಬೇಕು. ಅಪಘಾತವಾದಾಗ ಆಂಬುಲೆನ್ಸಿನವರು ರೂಢಿಯಂತೆ ಮಟ್ಟಸ ಹಲಗೆಯ ಮೇಲೆ ಮಲಗಿಸಿ ಕತ್ತನ್ನು ನೆಟ್ಟಗೆ ಮಾಡಲು ಹೋಗುತ್ತಾರೆ. ಮುಂದಕ್ಕೆ ಬಾಗಿ ಬೆಸೆದ ಕತ್ತಿಗೆ ಅದೇ ಕುತ್ತು. ಒಂದು ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೀಗೆ ಬರೆದು ಜೇಬಿನಲ್ಲಿಡಿ: ‘ನನಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇದೆ. ಕತ್ತು ಇರುವ ಭಂಗಿಯಲ್ಲೇ ದಿಂಬು ಕೊಟ್ಟು ಸಾಗಿಸಿ, ನೆಟ್ಟಗೆ ಮಾಡಬೇಡಿ.’ ಮನೆಯವರಿಗೂ ಓದಿ ಹೇಳಿ.